ಕೆಂಪವ್ವನ ಕೈಮಾತು

ಜಮಖಂಡಿಯಲ್ಲಿ ಚಹಾಕ್ಕೆಂದು ಕಾರು ನಿಲ್ಲಿಸಿದ್ದೇ ತಪ್ಪಾಯಿತು. ಚನಮಲ್ಲಪ್ಪ ಒಂದು ಕಾಲು ಹೊರಗಿಟ್ಟಿದ್ದನೋ ಇಲ್ಲವೋ, ಭಜಿ ಕರಿಯುತ್ತಿದ್ದವನು ಸೌಟು ಎತ್ತಿ ಹಿಡಿದು, “ಏ, ಜೋರವ್ವ ಬಂದಾಳ ನೋಡ್ರಲೇ!” ಎಂದು ಬೊಬ್ಬೆ ಹೊಡೆದ. ಮುಗಿಯಿತಲ್ಲ! ಬಸ್ಸಿಗೆ ಕಾಯುತ್ತಿದ್ದವರು, ಕಬ್ಬಿನ ಟ್ರ್ಯಾಕ್ಟರ್ ನಿಲ್ಲಿಸಿ ಚಹಾ ಕುಡಿಯುತ್ತಿದ್ದವರು, ಕಾಲೇಜಿನ ಹುಡುಗಿಯರು, ಎಲ್ಲರೂ ಮೊಬೈಲ್ ಎತ್ತಿಕೊಂಡು ಸುತ್ತುವರಿದರು. “ಒಮ್ಮೆ ಮಾಡ್ರೀ ಸರ, ಆ ಊಟಾ ಆತೇನಬೇ ಅನ್ನೂದು ಒಮ್ಮೆ ಮಾಡ್ರಿ!”

ಮಾಡಬಾರದು ಎಂದು ಅವನು ಬೀಳಗಿ ದಾಟುವಾಗಲೇ ಗಟ್ಟಿ ಮನಸ್ಸು ಮಾಡಿದ್ದ. ಆದರೆ ನಟನ ಗಟ್ಟಿ ಮನಸ್ಸು ಎಷ್ಟು ಗಟ್ಟಿ ಅನ್ನುವುದು ಗೊತ್ತೇ ಇದೆಯಲ್ಲ. ನಾಲ್ಕು ಜನ ಎದುರು ನಿಂತು ಆಸೆಗಣ್ಣಿಂದ ನೋಡಿದರೆ ಸಾಕು, ಬೆಲ್ಲದ ಹಾಗೆ ಕರಗುತ್ತದೆ. ಐದೂ ಬೆರಳು ಕೂಡಿಸಿ ಬಾಯಿಗೆ ಒಯ್ದ. ಅಂಗೈ ಮೇಲೆ ಮಾಡಿ ತಿರುವಿದ. ಕತ್ತು ಮುಂದೆ ಚಾಚಿ, ಮೂರು ಓಣಿ ಆಚೆಯವರಿಗೂ ಕೇಳುವಂಥ ದನಿ ತೆಗೆದು, “ಊಟಾ ಆತೇನಬೇ?” ಎಂದ. ಜನ ಬಿದ್ದು ಬಿದ್ದು ನಕ್ಕರು. ಭಜಿಯವನು ಚಹಾದ ರೊಕ್ಕ ಮುಟ್ಟಲಿಲ್ಲ.

ಕಾರಿಗೆ ಮರಳಿ ಕುಳಿತಾಗ ಚನಮಲ್ಲಪ್ಪನಿಗೆ ತನ್ನ ಎರಡೂ ಕೈ ಕಡಿದು ಕಾಲುವೆಗೆ ಎಸೆಯಬೇಕು ಅನ್ನಿಸಿತು. ಏಕೆಂದರೆ ಅವನು ಹೊರಟಿದ್ದು ಬನಹಟ್ಟಿಗೆ. ಆ ಕೈಗಳ ನಿಜವಾದ ಒಡತಿ ಇದ್ದದ್ದು ಅಲ್ಲಿಯೇ.

ಚನಮಲ್ಲಪ್ಪ ಹುನ್ನೂರ ಎಂದರೆ ಸಣ್ಣ ನಟನೇನಲ್ಲ. ಮೀಸೆ ಚಿಗುರುವ ಮೊದಲೇ ನಾಟಕ ಕಂಪನಿ ಸೇರಿದವನು. ಮುಧೋಳ, ಬೀಳಗಿ, ಇಳಕಲ್ಲು, ಗದಗು ಎಂದು ತಗಡಿನ ಥೇಟರಿನ ಬೆನ್ನು ಹತ್ತಿ ಊರೂರು ಅಲೆದವನು. ರಾಜನ ಪಾತ್ರ ಹಾಕಿದರೆ ಕಡೆಯ ಸಾಲಿನ ಮುದುಕಿ ಕೈಮುಗಿಯುತ್ತಿದ್ದಳು. ಖಳನಾಯಕನಾದರೆ ಅದೇ ಮುದುಕಿ ಮಣ್ಣು ತೂರಿ ಶಾಪ ಹಾಕುತ್ತಿದ್ದಳು. ಕಂಪನಿಗಳು ಮುಳುಗಿದ ಮೇಲೆ ಬೆಂಗಳೂರಿಗೆ ಹೋದ. ಸಿನಿಮಾದಲ್ಲಿ ನಾಯಕಿಯ ಅಪ್ಪನಾಗಿ ಎಷ್ಟು ಸಲ ಎದೆ ಹಿಡಿದುಕೊಂಡು ಸತ್ತನೋ ದೇವರೇ ಬಲ್ಲ. ಧಾರಾವಾಹಿಗಳಲ್ಲಿ ಹಾಸಿಗೆ ಹಿಡಿದ ಅಜ್ಜನಾದ. ಇಷ್ಟೆಲ್ಲ ಆದರೂ ರಸ್ತೆಯಲ್ಲಿ ಎದುರಾದವರು, “ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆಯಲ್ಲ” ಅನ್ನುತ್ತಿದ್ದರೇ ಹೊರತು ಹೆಸರು ಹಿಡಿದು ಕರೆದವರು ಒಬ್ಬರೂ ಇರಲಿಲ್ಲ. ಅದು ಅವನನ್ನು ಒಳಗೊಳಗೇ ಸುಡುತ್ತಿತ್ತು.

ಹಾಗಿರುವಾಗ ಟೀವಿಯ ಭಾನುವಾರದ ನಗೆ ಕಾರ್ಯಕ್ರಮದವರು ಕರೆದರು. “ಸರ್, ನಿಮ್ಮ ಕಡೆಯ ಒಂದು ಹೆಂಗಸಿನ ಪಾತ್ರ ಮಾಡಿ, ಸ್ವಲ್ಪ ಜೋರಾಗಿರಲಿ” ಎಂದ ನಿರ್ದೇಶಕ. ಐವತ್ತು ವರ್ಷ ಸಾಕಿದ ಮೀಸೆ ಬೋಳಿಸಿ, ಸೀರೆ ಸುತ್ತಿಕೊಂಡು ದೀಪದ ಬೆಳಕಿಗೆ ಬಂದು ನಿಂತ. ಏನು ಮಾಡುವುದೆಂದು ಹೊಳೆಯಲಿಲ್ಲ. ಆಗ ಕೈಗಳು ತಾವಾಗಿಯೇ ಎದ್ದವು. ಯಾರ ಕೈ ಅವು ಎಂಬುದು ಅವನಿಗೆ ಆ ಕ್ಷಣವೇ ತಿಳಿಯಿತು. ತಿಳಿದೂ ಮಾಡಿದ. ಅಲ್ಲಿ ನಿಂತಿದ್ದ ಬೆಳಕಿನ ಹುಡುಗರು, ಕ್ಯಾಮೆರಾದವರು, ಚಹಾ ಕೊಡುವವರು ಕೂಡ ಹೊಟ್ಟೆ ಹಿಡಿದು ನಕ್ಕರು. ಜೋರವ್ವ ಹುಟ್ಟಿದಳು. ಚನಮಲ್ಲಪ್ಪನ ಹೆಸರು ಮಾತ್ರ ಆಗಲೂ ಯಾರ ಬಾಯಲ್ಲೂ ಬರಲಿಲ್ಲ ಅನ್ನಿ. ಎಲ್ಲರೂ ಅವನನ್ನು ಜೋರವ್ವ ಎಂದೇ ಕರೆದರು.

ಕೈಗಳು ಅಕ್ಕ ಕೆಂಪವ್ವನವು. ಹುಟ್ಟೂರು ಹುನ್ನೂರಿನಲ್ಲಿ ಅವ್ವ ತೀರಿಕೊಂಡಾಗ ಚನಮಲ್ಲಪ್ಪ ಇನ್ನೂ ಚಡ್ಡಿ ಹಾಕಲು ಕಲಿಯದ ಕೂಸು. ಕೆಂಪವ್ವನಿಗೆ ಬನಹಟ್ಟಿಯ ನೇಕಾರರ ಮನೆಗೆ ಲಗ್ನವಾದಾಗ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡೇ ಗಂಡನ ಮನೆ ಹೊಸ್ತಿಲು ದಾಟಿದಳು. ಅತ್ತೆ ಮುಖ ಗಂಟಿಕ್ಕಿದರೆ, “ಇಂವ ನನ್ನ ಉಡಿಯಾಗ ಬಂದಾನ, ಬ್ಯಾಡಂದ್ರ ಇಬ್ರೂ ಹೋಗ್ತೇವಿ” ಅಂದವಳು. ಆ ಮನೆಯಲ್ಲಿ ಮಗ್ಗಗಳು ಬೆಳಗಿನಿಂದ ಸಂಜೆಯವರೆಗೆ ಖಟಾಖಟ್ ಅನ್ನುತ್ತಿದ್ದವು. ವಿದ್ಯುತ್ ಮಗ್ಗದ ಸದ್ದಿನಲ್ಲಿ ಬಾಯಿ ಮಾತು ಯಾರಿಗೆ ಕೇಳಬೇಕು? ಅಲ್ಲಿ ದುಡಿಯುವವರು ಕೈಯಿಂದಲೇ ಮಾತಾಡುತ್ತಿದ್ದರು. ಬೆರಳು ಬಾಯಿಗೆ ಒಯ್ದು ಅಂಗೈ ತಿರುವಿದರೆ, ಊಟ ಆಯಿತೇ ಎಂದು. ಎರಡು ತೋರುಬೆರಳು ಕೊಕ್ಕೆ ಹಾಕಿ ಜಗ್ಗಿದರೆ, ಎಳೆ ಹರಿಯಿತು ಎಂದು. ಎದೆಗೆ ಎರಡು ಸಲ ಬಡಿದುಕೊಂಡರೆ, ನಾನು ನೋಡಿಕೊಳ್ಳುತ್ತೇನೆ, ನೀನು ಹೋಗಿ ಬಾ ಎಂದು. ಕೆಂಪವ್ವ ಮಗ್ಗದ ಪಕ್ಕ ಕುಳಿತು ಕಂಡಕಿಗೆ ನೂಲು ಸುತ್ತುತ್ತ ಸುತ್ತುತ್ತ ಕಿವಿ ಕಳೆದುಕೊಂಡಳು. ಕಿವಿ ಹೋದಂತೆ ದನಿ ಏರಿತು. ಮಗ್ಗದ ಮನೆಯಿಂದ ಹೊರಗೆ ಬಂದರೂ ಕೈಮಾತು ಬಿಡಲಿಲ್ಲ.

ಈ ಕೈಮಾತನ್ನೇ ಚನಮಲ್ಲಪ್ಪ ಜಗತ್ತಿನೆದುರು ಹರವಿ ನಗೆಪಾಟಲು ಮಾಡಿದ್ದು. ಊಟ ಆಯಿತೇ ಅನ್ನುವ ಕೈ ಟೀವಿಯಲ್ಲಿ ಹೊಟ್ಟೆಬಾಕಿಯ ಕೈಯಾಯಿತು. ಎಳೆ ಹರಿದ ಬೆರಳು ಸೊಸೆಯ ತಲೆ ಕೆಟ್ಟಿದೆ ಅನ್ನುವ ಬೆರಳಾಯಿತು. ನಾನು ನೋಡಿಕೊಳ್ಳುತ್ತೇನೆ ಎಂದು ಎದೆ ಬಡಿದುಕೊಳ್ಳುವುದಂತೂ ದೊಡ್ಡ ಕುಚೇಷ್ಟೆಯಾಯಿತು, ಅದನ್ನು ಇಲ್ಲಿ ಹೇಳುವುದು ಬೇಡ.

ಅಕ್ಕ ನೋಡಿದರೆ? ಈ ಪ್ರಶ್ನೆ ಬಂದಾಗಲೆಲ್ಲ ಅವನು, ಅವಳಿಗೆ ಎಲ್ಲಿ ಕೇಳಬೇಕು, ನೋಡಿದರೂ ತಿಳಿಯುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಹೇಳಿಕೊಂಡನೇ ಹೊರತು ಜೋರವ್ವ ಹುಟ್ಟಿದ ಮೇಲೆ ಒಮ್ಮೆಯೂ ಬನಹಟ್ಟಿಯ ಕಡೆ ಮುಖ ಹಾಕಲಿಲ್ಲ. ದೀಪಾವಳಿಗೆ ಸೀರೆ ಕಳಿಸಿದ, ಔಷಧ ಕಳಿಸಿದ, ಹೊಸ ದೊಡ್ಡ ಟೀವಿಯನ್ನೂ ಕಳಿಸಿದ. ತಾನು ಹೋಗಲಿಲ್ಲ.

ಕೊನೆಗೆ ಕೆಂಪವ್ವನ ಸೊಸೆ ಗಂಗಾಂಬಿಕಾ ಒಂದು ದಿನ ಫೋನು ಮಾಡಿದಳು. ಅವಳದು ತೂಕದ ಮಾತು. “ಮಾವಾರ, ಅತ್ತಿಯಾರು ಬಜಾರಕ್ಕ ಹೋದ್ರ ಮಂದಿ ಬೆನ್ನ ಹತ್ತಿ ಕೈ ಮಾಡ್ತಾರ್ರಿ. ಮನ್ನೆ ಬಸ್ಸಿನ್ಯಾಗ ಕಂಡಕ್ಟರ್ ಜೋರವ್ವ ಟಿಕೀಟ ತಗೋ ಅಂದ. ಬಸ್ಸಿಗೆ ಬಸ್ಸೇ ನಕ್ಕಿತು. ಅತ್ತಿಯಾರೂ ನಕ್ರು. ಯಾಕ ನಗಾಕತ್ತಾರ ಅಂತ ಅವರಿಗೆ ತಿಳೀಲಿಲ್ರಿ. ನನಗ ತಿಳೀತು.” ಅಷ್ಟೇ ಹೇಳಿ ಫೋನಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಅದರ ಹಿಂದೆಯೇ ಬನಹಟ್ಟಿಯಲ್ಲಿ ಸನ್ಮಾನ ಎಂದು ಆಮಂತ್ರಣ ಬಂತು. ಹೋಗಿ ಅಕ್ಕನ ಕಾಲು ಹಿಡಿದು ತಪ್ಪೊಪ್ಪಿಕೊಂಡು ಬರಬೇಕು, ಅವಳು ಹೊಡೆದರೆ ಹೊಡೆಸಿಕೊಳ್ಳಬೇಕು ಎಂದು ಚನಮಲ್ಲಪ್ಪ ಒಪ್ಪಿಕೊಂಡ.

ಕಾರು ಓಣಿಯ ಬಾಯಿಗೆ ನಿಲ್ಲುವಷ್ಟರಲ್ಲೇ ಕೆಂಪವ್ವ ಕಟ್ಟೆಯ ಮೇಲೆ ನಿಂತಿದ್ದಳು. ಬೆನ್ನು ಬಾಗಿದೆ, ಕೂದಲು ಹತ್ತಿಯಾಗಿದೆ, ದನಿ ಮಾತ್ರ ಹಾಗೆಯೇ ಇದೆ. “ಬಂದ್ಯೇನೋ ನನ್ನಪ್ಪಾ! ಏಸ ವರ್ಷಾತೋ! ಮೀಸಿ ಯಾಕ ತಗಸೀಯೋ, ಕೋತಿ ಆದಂಗ ಆಗೀಯಲ್ಲೋ!” ಇಡೀ ಓಣಿಯ ಬಾಗಿಲುಗಳಲ್ಲಿ ತಲೆಗಳು ಮೂಡಿದವು. ಎದುರುಮನೆಯ ಗೋಡೆಯ ಮೇಲೆ ಕುಳಿತ ಚಿಳ್ಳೆಪಿಳ್ಳೆಗಳು ಕಿಸಕ್ಕೆಂದು ನಕ್ಕು, ಬೆರಳು ಬಾಯಿಗೆ ಒಯ್ದು ಅಂಗೈ ತಿರುವಿದವು.

ಚನಮಲ್ಲಪ್ಪನ ಜೀವ ಬಾಯಿಗೆ ಬಂತು. ಕೆಂಪವ್ವ ಮಾತ್ರ ಮಕ್ಕಳ ಕಡೆ ತಿರುಗಿ, ಆತು ಆತು ಎಂದು ಕೈ ಮಾಡಿ, ತಮ್ಮನ ತೋಳು ಹಿಡಿದು ಹೆಮ್ಮೆಯಿಂದ ಕೂಗಿದಳು. “ನೋಡಿದ್ಯೇನ? ಓಣ್ಯಾಗಿನ ಹುಡುಗೂರೆಲ್ಲಾ ಕೈಮಾತ ಕಲ್ತಾವ! ಹಳೇ ಮಂದಿ ಸತ್ತಮ್ಯಾಲೆ ನನ್ನ ಕೂಡ ಕೈಲೆ ಮಾತಾಡಾವ್ರ ಇರಲಿಲ್ಲ. ನಿನ್ನ ಟೀವಿ ನೋಡಿ ಕಲ್ತಾವ ಪುಣ್ಯಾತ್ಮಾ! ಈಗ ಬಜಾರಕ್ಕ ಹೋದ್ರ ಎಲ್ಲಾರೂ ಮಾತಾಡಸ್ತಾರ!”

ಕಾಲಿಗೆ ಬೀಳಲೆಂದು ಬಗ್ಗಿದವನು ಬಗ್ಗಿದಲ್ಲೇ ಉಳಿದ. ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತ ಗಂಗಾಂಬಿಕಾ ಅವನ ಮುಖವನ್ನೇ ನೋಡುತ್ತಿದ್ದಳು.

ಅಂದು ಭಾನುವಾರ. ಸಂಜೆ ಕೆಂಪವ್ವ ಬೇಗನೆ ರೊಟ್ಟಿ ತಿಂದು, ಮುಖ ತೊಳೆದು, ಕುಂಕುಮ ಹಚ್ಚಿಕೊಂಡು ಟೀವಿಯ ಮುಂದೆ ಚಾಪೆ ಹಾಸಿ ಕುಳಿತಳು. ತಮ್ಮನನ್ನೂ ಪಕ್ಕಕ್ಕೆ ಕೂರಿಸಿಕೊಂಡಳು. ದನಿ ಇಲ್ಲದ ಟೀವಿಯಲ್ಲಿ ಹಸಿರು ಸೀರೆಯ ಜೋರವ್ವ ಬಂದಳು. ಬೆರಳು ಬಾಯಿಗೆ ಒಯ್ದು ಅಂಗೈ ತಿರುವಿದಳು.

“ಆತಪಾ, ಆತು!” ಎಂದು ಕೆಂಪವ್ವ ಟೀವಿಗೆ ಕೂಗಿ ಹೇಳಿದಳು. “ಬದನೀಕಾಯಿ ಪಲ್ಯಾ ರೊಟ್ಟಿ ಉಂಡೆ. ನಿಂದಾತಿಲ್ಲೋ?”

ಪಕ್ಕದಲ್ಲೇ ಕುಳಿತವನನ್ನು ಅವಳು ಮರೆತೇಬಿಟ್ಟಿದ್ದಳು. ಜೋರವ್ವ ಬೆರಳು ಕೊಕ್ಕೆ ಹಾಕಿ ಜಗ್ಗಿದರೆ, “ಹರದರ ಗಂಟ ಹಾಕೋ ಮಾರಾಯಾ, ಅದಕ್ಯಾಕ ಅಷ್ಟ ಬ್ಯಾಸರಾ!” ಅಂದಳು. ಜೋರವ್ವ ಎದೆ ಬಡಿದುಕೊಂಡು ಆ ಕುಚೇಷ್ಟೆ ಮಾಡಿದಾಗ, “ನೀ ನೋಡ್ಕೋತಿಯಂತ ನನಗ ಗೊತ್ತೈತಿ ಬಿಡೋ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಾರ್ಯಕ್ರಮ ಮುಗಿದ ಮೇಲೆ ತಮ್ಮನ ಕಡೆ ತಿರುಗಿದಳು.

“ಮದಲ ನನಗ ತಿಳೀಲಿಲ್ಲ ನೋಡ. ಸೀರಿ ಉಟಗೊಂಡು ಯಾಕ ನಿಂತಾನ ಇಂವ ಅಂದೆ. ಆಮ್ಯಾಲೆ ಕೈ ನೋಡಿದೆ. ಫೋನಿನ್ಯಾಗ ಮಾತಾಡಿದ್ರ ನನಗ ಕೇಳೂದಿಲ್ಲ, ಅದಕ್ಕ ನನ್ನ ತಮ್ಮ ಟೀವ್ಯಾಗ ಬಂದು ಮಾತಾಡಸ್ತಾನ ಅಂತ ಗೊತ್ತಾತು. ಭಾನುವಾರ ಲಗೂನ ಉಣತೇನಿ. ನೀ ಕೇಳೂ ಹೊತ್ತಿಗೆ ಊಟ ಆಗಿರಲಿಲ್ಲಂದ್ರ ನಿನಗ ಸಂಕಟ ಆಗಬಾರದಲ್ಲ.”

ಚನಮಲ್ಲಪ್ಪ ಬಾಯಿ ತೆರೆದ. ತಪ್ಪಾತು ಎಂದು ಹೇಳಲು ಬೆಂಗಳೂರಿನಿಂದ ಬಂದವನು. ಆದರೆ ಹೊಡೆಯುವವಳ ಕಾಲು ಹಿಡಿಯಬಹುದು, ಹರಸುವವಳ ಕಾಲು ಹಿಡಿದು ಏನೆಂದು ಹೇಳುವುದು? ನಿನ್ನನ್ನು ಮಾತಾಡಿಸುತ್ತಿರಲಿಲ್ಲ ಅಕ್ಕಾ, ನಿನ್ನನ್ನು ಮಾರುತ್ತಿದ್ದೆ ಅಂತಲೇ? ಎದ್ದು ಒಳಗೆ ಹೋದ.

ಅಡುಗೆಮನೆಯಲ್ಲಿ ಗಂಗಾಂಬಿಕಾ ರೊಟ್ಟಿ ತಟ್ಟುತ್ತ ತಲೆ ಎತ್ತದೆ, “ಈಗ ತಿಳೀತೇನ್ರಿ, ನಾ ಯಾಕ ಅವರಿಗೆ ಹೇಳಿಲ್ಲ ಅಂತ?” ಎಂದಳು.

“ತಿಳೀತವ್ವಾ.”

“ಹೇಳಬ್ಯಾಡ್ರಿ. ಹೇಳಿ ನಿಮ್ಮ ಮನಸ್ಸು ಹಗುರ ಮಾಡ್ಕೊಂಡು ನೀವು ಬೆಂಗಳೂರಿಗೆ ಹೋಗ್ತೀರಿ. ಅವರು ಇಲ್ಲೇ ಇರೂರು.”

ಖರೆ ಮಾತು. ಚನಮಲ್ಲಪ್ಪ ತಲೆ ತಗ್ಗಿಸಿದ. ಅಕ್ಕನಿಗೆ ತಿಳಿಯದಂತೆ ನೋಡಿಕೊಳ್ಳುವುದು, ಅದೊಂದೇ ಈಗ ಉಳಿದ ಪ್ರಾಯಶ್ಚಿತ್ತ. ಟೀವಿಯಲ್ಲಿ ನಗುವವರು ಅವಳಿಗೆ ಕೇಳುವುದಿಲ್ಲ. ಆದರೆ ನಾಳಿನ ಸನ್ಮಾನ ಟೀವಿಯಲ್ಲ. ಕಿವಿ ಹೋಗಿದ್ದರೂ ಕಣ್ಣು ಇವೆಯಲ್ಲ, ಜನ ನಗುವುದನ್ನು ಕಾಣುತ್ತಾಳೆ.

“ನಾಳೆ ಆಕಿನ್ನ ಕರಕೊಂಡು ಬರಬ್ಯಾಡವ್ವಾ, ನಿನಗ ಕೈ ಮುಗಿತೇನಿ.”

“ಕೇಳ್ತಾರೇನ್ರಿ? ಆಯೇರಿಗೆ ಧೋತರ ತಂದಿಟ್ಟು ಎಂಟ ದಿನಾತು.”

ನಾಟಕ ನಡೆದಿರುವಾಗಲೇ ನೆಂಟರಿಷ್ಟರು ಸ್ಟೇಜು ಹತ್ತಿ ನಟನಿಗೆ ಬಟ್ಟೆ ಹೊದಿಸುವುದಕ್ಕೆ ಈ ಸೀಮೆಯಲ್ಲಿ ಆಯೇರಿ ಅನ್ನುತ್ತಾರೆ. ರಾಜ ಯುದ್ಧಕ್ಕೆ ಹೊರಟಿರಲಿ, ನಾಯಕಿ ಪ್ರಾಣ ಬಿಡುತ್ತಿರಲಿ, ಆಯೇರಿ ಬಂತೆಂದರೆ ಎಲ್ಲ ನಿಲ್ಲಬೇಕು. ಸಾಯುವವಳೂ ಎದ್ದು ಕುಳಿತು ಸೀರೆ ಇಸಿದುಕೊಂಡು ಮತ್ತೆ ಸಾಯಬೇಕು. ತಮ್ಮನ ಕಂಪನಿ ಈ ಕಡೆ ಎಲ್ಲೇ ಬಿಡಾರ ಹೂಡಿದರೂ ಕೆಂಪವ್ವ ತಪ್ಪದೆ ಬಂದು, ಕಿರೀಟ ಹೊತ್ತ ರಾಜನ ಹೆಗಲಿಗೆ ಧೋತರ ಹೊದಿಸಿ, ಎಲ್ಲರೆದುರು ಅವನ ಗಲ್ಲ ಹಿಂಡಿ ಹೋಗುತ್ತಿದ್ದಳು. ಅವಳನ್ನು ತಡೆಯುವುದು ಕೃಷ್ಣೆಯ ಪ್ರವಾಹವನ್ನು ಸೆರಗಿನಿಂದ ತಡೆದಂತೆ.

ಹಾಗಾದರೆ ಜೋರವ್ವನನ್ನೇ ಬಿಟ್ಟರಾಯಿತು. ಮರುದಿನ ಬೆಳಿಗ್ಗೆ ಸನ್ಮಾನ ಸಮಿತಿಯ ಸುಪಾರ್ಶ್ವ ಬಂದಾಗ ಚನಮಲ್ಲಪ್ಪ ಅದನ್ನೇ ಹೇಳಿದ. ಈ ಸುಪಾರ್ಶ್ವ ತೇರದಾಳದ ನೂಲಿನ ವ್ಯಾಪಾರಿ, ನಾಟಕದ ಹುಚ್ಚಿನವ, ಒಳ್ಳೆಯ ಮನುಷ್ಯ.

“ಜೋರವ್ವನ್ನ ಮಾಡೂದಿಲ್ಲಾ? ಏನ್ರೀ ಮಾಸ್ತರ್ರ, ಮದವಿಗಿ ಕರದು ಮದುಮಗ ಇಲ್ಲ ಅಂದಂಗಾತಲ್ರಿ!”

“ಹಳೇ ರಾಜನ ಮಾತು ಹೇಳ್ತೇನಿ. ಬೇಕಂದ್ರ ಅಳಸ್ತೇನಿ. ಜೋರವ್ವ ಮಾತ್ರ ಬ್ಯಾಡ್ರಿ. ನನ್ನ ಅಕ್ಕ ಮುಂದ ಕುಂತಿರ್ತಾಳ.”

ಸುಪಾರ್ಶ್ವನಿಗೆ ಅರ್ಥವಾಯಿತು. ಬನಹಟ್ಟಿಯಲ್ಲಿ ಯಾರಿಗೆ ಅರ್ಥವಾಗಿರಲಿಲ್ಲ? “ಆತ್ರಿ. ಯಾರೂ ಒತ್ತಾಯ ಮಾಡಬ್ಯಾಡ್ರಿ ಅಂತ ಮೈಕಿನ್ಯಾಗ ನಾನ ಹೇಳ್ತೇನಿ” ಎಂದು ಮಾತು ಕೊಟ್ಟು ಹೋದ.

ಮಾತು ಉಳಿಸಿಕೊಂಡ ಕೂಡ. ಸಂಜೆ ಮೈದಾನ ಕಿಕ್ಕಿರಿದಿತ್ತು. ಸುಪಾರ್ಶ್ವ ಮೈಕು ಹಿಡಿದು ಹೇಳಿದ. ಜನ ಚಪ್ಪಾಳೆ ತಟ್ಟಿ ಒಪ್ಪಿಕೊಂಡರು. ಚನಮಲ್ಲಪ್ಪ ಎದ್ದು, ಹಳೆಯ ರಾಜನ ಒಂದು ಉದ್ದನೆಯ ಮಾತನ್ನು ಉಸಿರು ಬಿಡದೆ ಒಪ್ಪಿಸಿದ. ಮುದುಕರು ಭಲೇ ಎಂದರು. ಇನ್ನೇನು ಕೈಮುಗಿದು ಕುಳಿತುಕೊಳ್ಳಬೇಕು, ಹಿಂದಿನಿಂದ ಒಬ್ಬ, “ಜೋರವ್ವಾ!” ಎಂದ. ಕೆರೆಗೆ ಕಲ್ಲು ಬಿದ್ದಂತಾಯಿತು. ಇನ್ನೊಬ್ಬ, ಮತ್ತೊಬ್ಬ, ನೋಡನೋಡುತ್ತ ಮೈದಾನಕ್ಕೆ ಮೈದಾನವೇ “ಜೋರವ್ವಾ, ಜೋರವ್ವಾ” ಎಂದು ಎದ್ದಿತು. ಸುಪಾರ್ಶ್ವ ಮೈಕಿನಲ್ಲಿ ಬೇಡಿಕೊಂಡದ್ದು ಯಾರಿಗೂ ಕೇಳಲಿಲ್ಲ.

ಚನಮಲ್ಲಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಬೆವರು ಕುತ್ತಿಗೆಗೆ ಇಳಿಯುತ್ತಿತ್ತು. ಇಲ್ಲ ಎಂದು ತಲೆ ಅಲ್ಲಾಡಿಸಿದ. ಮಾಡುವುದಿಲ್ಲ, ಪ್ರಾಣ ಹೋದರೂ ಮಾಡುವುದಿಲ್ಲ.

ಮುಂದಿನ ಸಾಲಿನಲ್ಲಿ ಕುಳಿತ ಕೆಂಪವ್ವನಿಗೆ ಇದೆಲ್ಲ ಬೇರೆಯೇ ಕಂಡಿತು. ಅವಳ ಬೆನ್ನಿಗಿದ್ದ ಜನ ಅವಳಿಗೆ ಕಾಣುತ್ತಿರಲಿಲ್ಲ. ಕಂಡದ್ದು ತಮ್ಮ ಮಾತ್ರ. ಮಾತು ಮುಗಿಸಿ ಸುಮ್ಮನೆ ನಿಂತಿದ್ದಾನೆ, ತುಟಿ ಅಲ್ಲಾಡುತ್ತಿಲ್ಲ, ಬೆವರುತ್ತಿದ್ದಾನೆ. ಮಾತು ಮರೆತ ನಟನನ್ನು ಅವಳು ಕಂಪನಿಯ ಕಾಲದಲ್ಲಿ ಬೇಕಾದಷ್ಟು ನೋಡಿದ್ದಳು. ಅಯ್ಯೋ, ವಯಸ್ಸಾಯಿತು ನನ್ನ ಕೂಸಿಗೆ, ಮರೆತುಬಿಟ್ಟ! ಧೋತರ ಬಗಲಿಗೆ ಇರುಕಿಕೊಂಡು ಎದ್ದಳು. ಗಂಗಾಂಬಿಕಾ ಸೆರಗು ಜಗ್ಗಿದರೂ ಕೊಡವಿಕೊಂಡು ಮೆಟ್ಟಿಲು ಹತ್ತಿದಳು.

ಹತ್ತಿದವಳು ನೇರ ಅವನೆದುರು ನಿಂತು, ಮರೆತ ಮಾತು ನೆನಪು ಮಾಡಿಕೊಡಲು, ಬೆರಳು ಕೂಡಿಸಿ ಬಾಯಿಗೆ ಒಯ್ದು ಅಂಗೈ ತಿರುವಿದಳು. “ಇದನ್ನ ಮಾಡೋ ತಮ್ಮಾ! ಊಟಾ ಆತೇನು ಅನ್ನು!” ಮೈಕು ಬೇಕಾಗಲಿಲ್ಲ, ಮೈದಾನದ ಕೊನೆಗೂ ಕೇಳಿಸಿತು.

ಆಗ ಎದ್ದ ನಗೆಯಿದೆಯಲ್ಲ, ಅಂಥ ನಗೆಯನ್ನು ಚನಮಲ್ಲಪ್ಪ ಇಡೀ ಜನ್ಮದಲ್ಲಿ ಕೇಳಿರಲಿಲ್ಲ. ಕಂಪನಿಯಲ್ಲಿಲ್ಲ, ಸಿನಿಮಾದಲ್ಲಿಲ್ಲ, ಟೀವಿಯಲ್ಲಂತೂ ಇಲ್ಲವೇ ಇಲ್ಲ. ಅದು ಅಲೆಯಾಗಿ ಬಂದು ಎದೆಗೆ ಬಡಿಯಿತು. ಬೆನ್ನ ಹಿಂದೆ ಕಟ್ಟಿದ್ದ ಕೈ ಬಿಚ್ಚಿಕೊಂಡವು. ಅವನು ಬಿಚ್ಚಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ, ಅವನೇ ಬಿಚ್ಚಿದ. ಬೆರಳು ಬಾಯಿಗೆ ಒಯ್ದ. ಕತ್ತು ಚಾಚಿದ. ಅಕ್ಕ ಒಂದು ಕೈ ಮಾಡಿದರೆ ಅವನು ಅದಕ್ಕೆ ಇನ್ನೊಂದು ಜೋಡಿಸಿದ. ಅವಳು ಎಳೆ ಹರಿಯಿತೇ ಎಂದು ಕೇಳಿದರೆ ಅವನು ಜನರ ಕಡೆ ಕಣ್ಣು ಮಿಟುಕಿಸಿ, ಸೊಸೆಯ ತಲೆ ಕೆಟ್ಟಿದೆ ಅನ್ನುವ ಜೋರವ್ವನ ಬೆರಳು ತೋರಿಸಿದ. ತಮ್ಮನಿಗೆ ಮಾತು ನೆನಪಾಯಿತೆಂದು ಕೆಂಪವ್ವ ಖುಷಿಯಿಂದ ಎದೆ ಬಡಿದುಕೊಂಡಳು, ನಾನಿದ್ದೇನೆ ಎಂದು. ಅವನು, ಹೌದು, ಆ ಕುಚೇಷ್ಟೆಯನ್ನೂ ಮಾಡಿದ. ಅವಳ ಮುಖದೆದುರೇ ಮಾಡಿದ. ಎಷ್ಟು ಸೊಗಸಾಗಿ ಕೂಡಿಬಂತೆಂದರೆ ಅವನ ಮೈ ಜುಮ್ಮೆಂದಿತು. ಇಂಥ ಜೋಡಿ ತನಗೆ ಈ ಜನ್ಮದಲ್ಲಿ ಸಿಕ್ಕಿರಲಿಲ್ಲ ಅನ್ನಿಸಿತು. ಆ ಗಳಿಗೆಯಲ್ಲಿ ಎದುರಿಗಿದ್ದವಳು ಅಕ್ಕ ಎಂಬುದೇ ಅವನಿಗೆ ನೆನಪಿರಲಿಲ್ಲ.

ಆಯೇರಿ ಮಾಡುವವರು ಧೋತರ ಹೊದಿಸುವ ಮೊದಲು ಅದನ್ನು ಎತ್ತಿ ಸಭೆಗೆ ತೋರಿಸಬೇಕು. ಕೆಂಪವ್ವ ಧೋತರ ಬಿಡಿಸಿ ಎರಡೂ ಕೈಯಲ್ಲಿ ಎತ್ತಿ ಹಿಡಿದು ಜನರ ಕಡೆ ತಿರುಗಿದಳು.

ತಿರುಗಿದವಳು ಹಾಗೆಯೇ ನಿಂತಳು. ಮೈದಾನದ ತುಂಬ ಬಾಯಿಗಳು ತೆರೆದಿದ್ದವು. ಗಂಡಸರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಅವಳ ಜೊತೆ ಕಂಡಕಿ ಸುತ್ತಿದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಓಣಿಯ ಮಕ್ಕಳು ಬೆಂಚಿನ ಮೇಲೆ ಹತ್ತಿ ಅವಳ ಹಾಗೆ ಬೆನ್ನು ಬಾಗಿಸಿ, ಅವಳ ಹಾಗೆ ಕತ್ತು ಚಾಚಿ, ಬೆರಳು ಬಾಯಿಗೆ ಒಯ್ಯುತ್ತಿದ್ದರು. ಯಾರೂ ಅವಳ ಉತ್ತರಕ್ಕೆ ಕಾಯುತ್ತಿರಲಿಲ್ಲ. ಎಲ್ಲರೂ ಅವಳನ್ನು ನೋಡಿ ನಗುತ್ತಿದ್ದರು, ಅಷ್ಟೆ. ಕೆಂಪವ್ವ ನಿಧಾನವಾಗಿ ತಿರುಗಿ ತಮ್ಮನ ಮುಖ ನೋಡಿದಳು. ಅವನ ಮುಖದ ಮೇಲೆ ಜೋರವ್ವ ಇನ್ನೂ ಇದ್ದಳು, ಇಳಿಸುವಷ್ಟು ಹೊತ್ತು ಸಿಕ್ಕಿರಲಿಲ್ಲ.

ಕೆಂಪವ್ವ ಧೋತರವನ್ನು ಅವನ ಹೆಗಲಿಗೆ ಹೊದಿಸಿ, ಮಡಿಕೆ ಸರಿಮಾಡಿ, ಕೈ ಸೆರಗಿನೊಳಗೆ ಸೇರಿಸಿಕೊಂಡು ಮೆಟ್ಟಿಲು ಇಳಿದಳು. ಗಂಗಾಂಬಿಕಾ ಅವಳನ್ನು ಹಿಡಿದುಕೊಂಡು ಗುಂಪಿನ ನಡುವೆ ದಾರಿ ಮಾಡಿಕೊಂಡು ಹೊರಟುಹೋದಳು. ಜನ ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದರು.

ಮರುದಿನ ಬೆಳಿಗ್ಗೆ ಚನಮಲ್ಲಪ್ಪ ಚೀಲ ಕಟ್ಟಿಕೊಂಡು ಪಡಸಾಲೆಯಲ್ಲಿ ಕುಳಿತಿದ್ದ. ಗಂಗಾಂಬಿಕಾ ಚಹಾ ತಂದಿಟ್ಟು ಮುಖ ನೋಡದೆ ಒಳಗೆ ಹೋದಳು. ಪಕ್ಕದ ಕೋಣೆಯಲ್ಲಿ ಅವಳ ಗಂಡ ವೀರೇಶ ಮಗ್ಗ ಚಾಲೂ ಮಾಡಿದ್ದ, ಸದ್ದಿಗೆ ಬಸಿಯಲ್ಲಿನ ಚಹಾ ನಡುಗುತ್ತಿತ್ತು. ಕೆಂಪವ್ವ ಹಿತ್ತಲಿನಿಂದ ಬಂದು ಅವನೆದುರು ಕುಳಿತಳು. ಬೇರೆ ದಿನವಾಗಿದ್ದರೆ ಇಷ್ಟು ಹೊತ್ತಿಗೆ ಅವಳ ದನಿ ಓಣಿಯನ್ನೆಲ್ಲ ಎಬ್ಬಿಸಿರಬೇಕಿತ್ತು. ಇಂದು ಬೆಳಗಿನಿಂದ ಒಂದು ಮಾತು ಹೊರಟಿರಲಿಲ್ಲ.

ಅವನು ತಡೆಯಲಾರದೆ ನೆಲಕ್ಕೆ ಮೊಳಕಾಲೂರಿ, “ತಪ್ಪಾತಬೇ ಅಕ್ಕಾ” ಎಂದ. ತುಟಿ ಓದಲಿ ಎಂದು ನಿಧಾನವಾಗಿ ಅಂದ. ಅವಳಿಗೆ ತಿಳಿಯಿತೋ ಇಲ್ಲವೋ, ಕೈಯಿಂದಾದರೂ ಹೇಳೋಣವೆಂದು ಕೈ ಎತ್ತಿದ. ಕೆಂಪವ್ವ ಗಾಬರಿಯಾಗಿ ಅವನ ಎರಡೂ ಕೈ ಹಿಡಿದು ಕೆಳಗಿಟ್ಟಳು. ತೆರೆದ ಬಾಗಿಲ ಕಡೆ ನೋಡಿದಳು, ಯಾರಾದರೂ ಕಂಡರೋ ಎಂದು. ತನ್ನ ಕೈಗಳನ್ನು ಮತ್ತೆ ಸೆರಗಿನೊಳಗೆ ಸುತ್ತಿಕೊಂಡಳು.

ಆಮೇಲೆ ಅವಳ ತುಟಿ ಅಲ್ಲಾಡಿದವು. ದನಿಯೇ ಬರಲಿಲ್ಲ, ಮಗ್ಗದ ಸದ್ದೊಂದೇ ಕೇಳುತ್ತಿತ್ತು. ಆದರೆ ಆ ಮನೆಯಲ್ಲಿ ಬೆಳೆದವನಿಗೆ ತುಟಿ ಓದುವುದು ಬರುತ್ತಿತ್ತು.

“ನೀ ನಾಟಕದಾಂವ, ನಿನಗ ಗೊತ್ತಿರತೈತಿ” ಎಂದಳು ಕೆಂಪವ್ವ. “ನನ್ನ ದನಿ ನನಗ ಕೇಳೂದಿಲ್ಲೋ. ಮಂದಿ ನಗದಂಗ ಮಾತಾಡೂದಂದ್ರ ಎಷ್ಟ ಸಣ್ಣಗ ಮಾತಾಡಬೇಕು? ಕಲಿಸಿ ಹೋಗು. ಈಗ ಮಾತಾಡಾಕತ್ತೇನಲ್ಲ, ಇಷ್ಟಾದ್ರ ಸಾಕೋ? ಇನ್ನೂ ಜೋರಾತೋ?”

ಕೊನೆಯ ಸಾಲಿಗೆ ದನಿ ಮುಟ್ಟಿಸುವುದನ್ನು ಬಿಟ್ಟು ಬೇರೇನನ್ನೂ ಕಲಿಯದ ಚನಮಲ್ಲಪ್ಪ ಜೋರಾಗಲಿಲ್ಲ ಎಂದು ತಲೆ ಅಲ್ಲಾಡಿಸಿದ. ಅವಳಿಗೆ ನಂಬಿಕೆ ಬರಲಿಲ್ಲ. ಬಾಗಿಲ ಕಡೆ ಇನ್ನೊಮ್ಮೆ ನೋಡಿ, ತುಟಿಯನ್ನು ಮೊದಲಿಗಿಂತ ಸಣ್ಣಗೆ ತೆರೆದು, ಅದೇ ಮಾತನ್ನು ಮತ್ತೆ ಕೇಳಿದಳು.